ಬಾಗಿಲಿಗೊಬ್ಬ ಮಾಟಗಾತಿ

ಸಾರ್ಟರನಿಗೆ ಈ ಜಗತ್ತಿನಲ್ಲಿ ನೆನಪಿರುತ್ತಿದ್ದದ್ದು ಬಾಗಿಲುಗಳು ಮಾತ್ರ. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ, ಪಾರಿವಾಳದ ಗೂಡುಗಳಂತೆ ಗೋಡೆ ತುಂಬಿದ ಮರದ ಖಾನೆಗಳ ಮುಂದೆ ನಿಂತು, ಆಯುಷ್ಯದ ಬಹುಪಾಲನ್ನು ಅವನು ಯಾರದೋ ಕಾಗದಗಳನ್ನು ಯಾರದೋ ಬಾಗಿಲುಗಳಿಗೆ ಹೊಂದಿಸುವುದರಲ್ಲಿ ಕಳೆದಿದ್ದ. ತನ್ನ ಮದುವೆಯ ತಾರೀಖು ಅವನಿಗೆ ನೆನಪಿರಲಿಲ್ಲ. ಆದರೆ ಹೆಂಡತಿಯ ತವರಿನ ಬಾಗಿಲು ಬೀದಿಯ ಎಡಗಡೆಯದೆಂದೂ, ಅದರಡಿ ಕಾಗದ ತೂರಿಸುವಷ್ಟು ಸಂದಿಲ್ಲವೆಂದೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಯಾವ ಸಂಗತಿಯನ್ನೇ ಆಗಲಿ, ಒಂದು ಬಾಗಿಲಿಗೆ ಅಂಟಿಸಿಟ್ಟರೆ ಉಳಿಯುತ್ತಿತ್ತು. ಇಲ್ಲದಿದ್ದರೆ ವಿಳಾಸ ತಪ್ಪಿದ ಲಕೋಟೆಯಂತೆ ಅವನ ತಲೆಯೊಳಗೆ ಕೆಲವು ದಿನ ಅಲೆದಾಡಿ, ಕೊನೆಗೆ ಎಲ್ಲಿಯೋ ಮಾಯವಾಗುತ್ತಿತ್ತು. ಇಷ್ಟು ನಿರುಪದ್ರವಿಯಾದ ಒಂದು ಅಭ್ಯಾಸದಿಂದ ಇಡೀ ಒಂದು ಕಟ್ಟಡ ಗಡಗಡ ನಡುಗಿತೆಂದರೆ, ತಪ್ಪು ಅಭ್ಯಾಸದ್ದೋ ಕಟ್ಟಡದ್ದೋ ಎಂದು ತೀರ್ಮಾನಿಸುವುದು ಕಷ್ಟ.

ಅಂಚೆ ಕಚೇರಿಯವರು ವರ್ಷಕ್ಕೊಮ್ಮೆ ನಾಟಕವಾಡುತ್ತಿದ್ದರು. ಈ ಸಲ ಪೋಸ್ಟ್‌ಮಾಸ್ಟರರು ಕನ್ನಡಕ ಒರೆಸಿಕೊಳ್ಳುತ್ತ ಘೋಷಿಸಿದ್ದರು: "ಎಷ್ಟು ವರ್ಷ ಅಂತ ಅದೇ ರಾಜ, ಅದೇ ಮಂತ್ರಿ, ಅದೇ ಕೋಡಂಗಿ? ಈ ಸಲ ಜನ ನಗಬಾರದು. ಹೆದರಬೇಕು."

ಅವರು ಆರಿಸಿದ್ದು ಸಮುದ್ರ ದಾಟಿ ಬಂದು ಕಾಡಿನಂಚಿನಲ್ಲಿ ನೆಲೆನಿಂತ ಶುದ್ಧಾಚಾರದ ಜನರ ಕಥೆ. ಅಲ್ಲಿ ಎಲ್ಲರದೂ ಕರಿಯ ಬಟ್ಟೆ, ಬಿಳಿಯ ಕೊರಳುಪಟ್ಟಿ. ಪ್ರಾರ್ಥನೆಯ ಹೊತ್ತಿನಲ್ಲಿ ತುಟಿಯಂಚು ಅಲುಗಿದರೂ ಪಾಪ. ಒಂದು ದಿನ ಊರಿನ ಹುಡುಗಿಯರಿಗೆ ಮೈ ಅದುರುತ್ತದೆ. ಮಾಟಗಾತಿಯರ ಹುಡುಕಾಟ ಶುರುವಾಗುತ್ತದೆ. ನ್ಯಾಯಾಧೀಶ ಕೇಳುತ್ತಾನೆ, 'ಯಾರನ್ನು ನೋಡಿದೆ?' ಸಾಕ್ಷಿ ಬೆರಳೆತ್ತಿ ತೋರಿಸುತ್ತಾನೆ. ಸಿಕ್ಕಿಬಿದ್ದವಳು 'ನಾನಲ್ಲ' ಎಂದರೆ ನೇಣು. 'ನಾನೇ' ಎಂದರೆ, ಇನ್ನೊಬ್ಬಳನ್ನು ತೋರಿಸಿ ಬದುಕಿಕೊಳ್ಳಬಹುದು.

ಆ ಸಾಕ್ಷಿಯ ಪಾತ್ರಧಾರಿಗೆ ತಾಲೀಮಿನ ನಡುವೆಯೇ ವರ್ಗವಾಯಿತು. ಪೋಸ್ಟ್‌ಮಾಸ್ಟರರು ತಲೆಯ ಮೇಲೆ ಕೈ ಹೊತ್ತು ಕುಳಿತಾಗ, ಪರದೆಯ ಹಗ್ಗದ ಪಕ್ಕದಿಂದ ಒಂದು ದನಿ ಬಂತು.

"ನಾನು ಮಾಡ್ತೀನಿ ಸಾರ್."

ಎಲ್ಲರೂ ತಿರುಗಿದರು. ಸ್ವತಃ ಸಾರ್ಟರನೂ ಯಾರು ಮಾತಾಡಿದ್ದೆಂದು ಒಮ್ಮೆ ಹಿಂದೆ ನೋಡಿಕೊಂಡ.

ಅವನು ರಂಗದ ಮೇಲೆ ಕಾಣಿಸಿಕೊಂಡದ್ದು ಅದಕ್ಕೆ ಮುಂಚೆ ಒಂದೇ ಸಲ, ಅರಮನೆಯ ಕಾವಲುಗಾರನಾಗಿ. ಮಾತಿರಲಿಲ್ಲ, ಈಟಿ ಹಿಡಿದು ನಿಲ್ಲುವುದಷ್ಟೇ ಕೆಲಸ. ಪರದೆ ಸರಿದು ಅಷ್ಟೊಂದು ಕಣ್ಣುಗಳು ಕಂಡದ್ದೇ ತಡ, ಅವನು ಕಣ್ಕತ್ತಲೆ ಬಂದು ಬಿದ್ದ; ಈಟಿ ರಾಜನ ಮೇಲೆ ಬಿತ್ತು; ಯುದ್ಧಕ್ಕೆ ಮೊದಲೇ ರಾಜ ಗಾಯಗೊಂಡ. ಅಂದು ಹೆಂಡತಿ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಇನ್ನೆಂದೂ ವೇಷ ಹಾಕುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು. ಅಲ್ಲಿಂದಾಚೆಗೆ ಅವನ ಪಾಲಿಗೆ ಬಂದದ್ದು ಪರದೆ ಎಳೆಯುವ ಹಗ್ಗ. ಪರದೆ ಎಳೆಯುವವನಿಗೂ ಒಂದು ದಿನ ಪರದೆಯ ಈಚೆಗೆ ಬರುವ ಆಸೆಯಾದರೆ ಅದನ್ನು ದುರಾಸೆ ಎನ್ನಲಾಗದು.

ಆದ್ದರಿಂದ ಅವನು ಮನೆಯಲ್ಲಿ ಹೇಳಲಿಲ್ಲ.

ಪಾತ್ರದ ಕಷ್ಟ ಮೂರನೆಯ ದೃಶ್ಯದಲ್ಲಿತ್ತು. ಅಲ್ಲಿ ಸಾಕ್ಷಿ ಒಬ್ಬೊಬ್ಬಳನ್ನೇ ತೋರಿಸುತ್ತ, ಏನು ಕಂಡೆನೆಂದು ಹೇಳಬೇಕು: ಸೂಲಗಿತ್ತಿ, ಹಾಲು ಒಡೆಸಿದವಳು, ಪ್ರಾರ್ಥನೆಯಲ್ಲಿ ನಕ್ಕವಳು, ಕೊನೆಗೆ ಕಾಡಿನಂಚಿನ ಮನೆಯ ಮುದುಕಿ. ಬಾಯಿಪಾಠ ಮಾಡಿದಷ್ಟೂ ಸೂಲಗಿತ್ತಿ ಹಾಲು ಒಡೆಸಿದಳು, ಮುದುಕಿ ನಕ್ಕಳು. ಸಾರ್ಟರ್ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಮೊರೆಹೋದ. ತಾನಿದ್ದ ಕಟ್ಟಡದ ಬಾಗಿಲಿಗೊಬ್ಬಳಂತೆ ಅವರನ್ನು ಹಂಚಿಬಿಟ್ಟ. ಕೆಳ ಅಂತಸ್ತಿನ, ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಾಗಿಲಿಗೆ ಸೂಲಗಿತ್ತಿ. ತನ್ನೆದುರಿನ ಬೇಕರಿಯವನ ಬಾಗಿಲಿಗೆ ಹಾಲು ಒಡೆಸಿದವಳು. ಅದರ ಮೇಲೆ ದಂತವೈದ್ಯರ ಬಾಗಿಲಿಗೆ ನಕ್ಕವಳು. ಎಲ್ಲಕ್ಕಿಂತ ಮೇಲೆ, ಒಂಟಿ ಬಾಗಿಲಿಗೆ, ಮುದುಕಿ.

ಪ್ರತಿದಿನ ಬೆಳಕು ಹರಿಯುತ್ತಿದ್ದಂತೆ ಹೆಂಡತಿಗೆ "ಗಾಳಿ ಸೇವನೆ" ಎಂದು ಹೇಳಿ ಹೊರಬೀಳುತ್ತಿದ್ದ. ಮೆಟ್ಟಿಲಿಳಿದು ಮೊದಲ ಬಾಗಿಲ ಮುಂದೆ ನಿಂತು, ಬೆರಳು ನೀಡಿ, ಉಸಿರಿನಷ್ಟೇ ಸಣ್ಣ ದನಿಯಲ್ಲಿ 'ಇವಳೇ! ಇವಳನ್ನೇ ಕಂಡೆ!' ಎಂದು ಶುರುಮಾಡಿ, ಬಾಗಿಲಿಂದ ಬಾಗಿಲಿಗೆ ಹತ್ತುತ್ತಿದ್ದ. ಮೇಲಿನ ಬಾಗಿಲ ಮುಂದೆ ಬಹಳ ಹೊತ್ತಾಗುತ್ತಿತ್ತು. ಆ ಮಾತು ಉದ್ದವಾಗಿತ್ತು. ನಡುವೆ ಎಲ್ಲಿಯೋ ಅವನ ನಾಲಿಗೆ ನಿಂತುಹೋಗುತ್ತಿತ್ತು.

ಬಾಗಿಲುಗಳಿಗೆ ಗಾಜಿನ ಕಿಂಡಿಗಳಿರುತ್ತವೆ ಎಂಬುದನ್ನು, ಬಾಗಿಲುಗಳ ವಿಷಯದಲ್ಲಿ ಇಷ್ಟು ಬಲ್ಲ ಮನುಷ್ಯ ಹೇಗೆ ಮರೆತನೋ.

"ಅಲ್ಲಾರೀ, ಬೆರಳು ಹೀಗೆ ಚಾಚಿಕೊಂಡು ನಿಂತಿದ್ರು. ಕಣ್ಣು ರೆಪ್ಪೆ ಹೊಡೀತಿಲ್ಲ. 'ಇವಳೇ' ಅಂದ್ರು. ನನ್ನ ಬಾಗಿಲಿಗೆ!" ದಂತವೈದ್ಯರ ಹೆಂಡತಿ ಮೆಟ್ಟಿಲ ತಿರುವಿನಲ್ಲಿ ಕಾರ್ಯದರ್ಶಿಯವರನ್ನು ಅಡ್ಡಗಟ್ಟಿ ಹೇಳಿದಳು.

"ನಿಮ್ಮ ಬಾಗಿಲಿಗೂ ಅಂದ್ರಾ?" ಎಂದುಬಿಟ್ಟರು ಕಾರ್ಯದರ್ಶಿ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಅವರು ಮಾತನ್ನು ತೂಗಿ ಆಡುವವರು; ಆ ಒಂದು 'ಊ' ಹೇಗೆ ಜಾರಿತೋ ಅವರಿಗೇ ತಿಳಿಯಲಿಲ್ಲ.

"ನಿಮ್ಮ ಬಾಗಿಲಿಗೂನಾ? ಅಯ್ಯೋ, ನಿಮ್ಮ ಮನೇಲಿ ಯಾರು?"

"ನಮ್ಮನೇಲಿ ಯಾರೂ ಇಲ್ಲ! ನಮ್ಮನೆಯವಳು ಇದ್ದಾಳೆ, ಅಷ್ಟೇ."

ಅಂದು ಸಂಜೆ ಕಾರ್ಯದರ್ಶಿ ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಪತ್ರಿಕೆಯ ಅಂಚಿನ ಮೇಲಿಂದ ಬಹಳ ಹೊತ್ತು ನೋಡಿದರು. ಆಕೆ "ಏನು?" ಎಂದಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಎತ್ತಿಕೊಂಡರು.

ಬೇರೆ ಯಾರಾದರೂ ಬೆರಳು ತೋರಿಸಿದ್ದರೆ ಹುಚ್ಚು ಎಂದು ಬಿಡುತ್ತಿದ್ದರು. ಆದರೆ ಸಾರ್ಟರನ ಬೆರಳು ಸಾಮಾನ್ಯದ್ದಲ್ಲ. ಅವರೆಲ್ಲರ ಕಾಗದಗಳೂ ಆ ಬೆರಳುಗಳನ್ನು ದಾಟಿಯೇ ಬರಬೇಕು. ಮಾತು ಕಡಿಮೆ, ನೋಟ ನೆಲದ ಮೇಲೆ. ಏನೂ ಹೇಳದ ಮನುಷ್ಯನಿಗೆ ಎಲ್ಲವೂ ಗೊತ್ತಿರುತ್ತದೆಂದು ನಂಬುವುದು ಜನರ ಸ್ವಭಾವ.

ಮೊದಲು ಧೈರ್ಯಗೆಟ್ಟವನು ಬೇಕರಿಯವ. ಬಿಸಿ ರೊಟ್ಟಿಯ ಪೊಟ್ಟಣ ಹಿಡಿದು ಸಾರ್ಟರನ ಬಾಗಿಲಿಗೆ ಬಂದ.

"ಅಣ್ಣಾ, ಇಟ್ಕೊಳ್ಳಿ. ದುಡ್ಡು ಬೇಡ. ಆವತ್ತಿಂದ ನಂಗೆ ಹಿಟ್ಟೇ ಸರಿಯಾಗಿ ಉಬ್ತಿಲ್ಲ. ಒಂದೇ ಮಾತು ಹೇಳಿಬಿಡಿ. ಬೆಳಿಗ್ಗೆ ನೀವು ಬಂದು ನಿಲ್ತೀರಲ್ಲ... ನಮ್ಮನೆಯದು ಏನೂ ತೊಂದರೆ ಇಲ್ಲ ತಾನೆ?"

ಗುಟ್ಟು ಬಯಲಾಯಿತೆಂದುಕೊಂಡ ಸಾರ್ಟರ್ ಒಳಗಿದ್ದ ಹೆಂಡತಿಗೆ ಕೇಳಿಸದಂತೆ ಬಾಗಿಲನ್ನು ಹಿಂದಕ್ಕೆಳೆದುಕೊಂಡು ಪಿಸುಗುಟ್ಟಿದ.

"ಜೋರಾಗಿ ಮಾತಾಡಬೇಡಿ. ನಿಮ್ಮನೆಯದು ತೊಂದರೆ ಇಲ್ಲ, ಬಾಯಿಗೆ ಬಂದುಬಿಟ್ಟಿದೆ. ಕಷ್ಟ ಇರೋದು ಎಲ್ಲಕ್ಕಿಂತ ಮೇಲಿನ ಮನೆಯದು. ಅಲ್ಲಿಗೆ ಹೋದ್ರೆ ನನ್ನ ನಾಲಿಗೆ ನಿಂತುಹೋಗತ್ತೆ."

"ನಾಲಿಗೆ... ನಿಂತುಹೋಗತ್ತಾ?"

"ಕಲ್ಲಿನ ಹಾಗೆ. ದಯವಿಟ್ಟು ಯಾರಿಗೂ ಹೇಳಬೇಡಿ."

ಬೇಕರಿಯವ ಯಾರಿಗೂ ಹೇಳಲಿಲ್ಲ; ಕಾರ್ಯದರ್ಶಿಗೆ, ದಂತವೈದ್ಯರ ಹೆಂಡತಿಗೆ, ಮತ್ತು ಅಂಗಡಿಗೆ ಬಂದ ಗಿರಾಕಿಗಳಿಗೆ ಮಾತ್ರ ಹೇಳಿದ.

ಕಟ್ಟಡಕ್ಕೆ ಒಮ್ಮೆಲೇ ಉಸಿರು ಬಂದಂತಾಯಿತು. ಮೇಲಿನ ಮನೆ! ಎಲ್ಲರಿಗೂ ಎಷ್ಟು ಹಗುರವೆನಿಸಿತೆಂದರೆ, ಅದು ನಿಜವೋ ಸುಳ್ಳೋ ಎಂದು ಕೇಳುವ ಮನಸ್ಸೇ ಯಾರಿಗೂ ಬರಲಿಲ್ಲ.

ಮೇಲಿನ ಮನೆಯಲ್ಲಿದ್ದವಳು ಗುಂಡಿ ಅಜ್ಜಿ. ಒಂದೇ ಕೋಣೆ, ಒಂದು ಕಿಟಕಿ, ಗಾಜಿನ ಭರಣಿಗಳ ತುಂಬ ಅಂಗಿಯ ಗುಂಡಿಗಳು. ಬೀದಿಯವರ ಬಟ್ಟೆಗಳಿಗೆಲ್ಲ ಗುಂಡಿ ಹೊಲಿದುಕೊಟ್ಟು ಜೀವನ ಸಾಗಿಸುತ್ತಿದ್ದಳು.

ಕಾರ್ಯದರ್ಶಿಯವರ ಮುಂಗೋಣೆಯಲ್ಲಿ ಸಭೆ ಸೇರಿತು. ಕಿಟಕಿಗಳನ್ನು ಮುಚ್ಚಿದ್ದರು. ಸಾರ್ಟರನನ್ನೂ ಅವನ ಹೆಂಡತಿಯನ್ನೂ ಕರೆಸಿ, ಇದ್ದುದರಲ್ಲಿ ಒಳ್ಳೆಯ ಕುರ್ಚಿಗಳಲ್ಲಿ ಕೂರಿಸಿದ್ದರು.

"ಒಬ್ಬಳೇ ಇರ್ತಾಳೆ. ಆದ್ರೂ ಮಾತಾಡೋದು ಕೇಳತ್ತೆ," ಎಂದಳು ದಂತವೈದ್ಯರ ಹೆಂಡತಿ. "ಯಾರ ಜೊತೆ?"

"ನನ್ನ ಈ ಕೋಟು ನೋಡಿ," ಕಾರ್ಯದರ್ಶಿ ಎದೆ ಮುಂದೆ ಮಾಡಿದರು. "ಅವಳು ಗುಂಡಿ ಹಾಕಿಕೊಟ್ಟು ಎಷ್ಟು ವರ್ಷ ಆಯ್ತೋ. ಕೋಟು ಹರೀತು, ಒಳಗಿನ ಅಸ್ತರು ಹೋಯ್ತು, ಗುಂಡಿ ಮಾತ್ರ ಅಲ್ಲಾಡಿಲ್ಲ. ಯಾವ ಅಂಗಡಿಯ ದಾರ ಹಾಗೆ ಹಿಡಿಯತ್ತೆ, ಹೇಳಿ?"

ಕೈಗಳೆಲ್ಲ ಮೆಲ್ಲಗೆ ತಂತಮ್ಮ ಎದೆಗೆ ಹೋದವು. ಎಲ್ಲರ ಗುಂಡಿಗಳೂ ಗಟ್ಟಿಯಾಗಿದ್ದವು. ಬೇಕರಿಯವ ಕಿರುಚಿ, ತನ್ನ ಅಂಗಿಯದೊಂದನ್ನು ಕಿತ್ತೆಸೆಯಲು ಎಳೆದ. ಅಂಗಿ ಹರಿದು ಬಂತು, ಗುಂಡಿ ಬರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯಕ್ಕೂ ಬೇಕಿರಲಿಲ್ಲ.

"ಒಂದು ಕಡೆ ಒಬ್ಬ ಮುದುಕಿ. ಇನ್ನೊಂದು ಕಡೆ ಇಡೀ ಕಟ್ಟಡ," ಕಾರ್ಯದರ್ಶಿ ಎರಡು ಅಂಗೈಗಳನ್ನು ತಕ್ಕಡಿಯಂತೆ ಹಿಡಿದರು. "ತಿಂಗಳ ಕೊನೆಗೆ ಅವಳು ಖಾಲಿ ಮಾಡಬೇಕು. ಸಾರ್ಟರ್, ನೀವು ಕಂಡಿದ್ದನ್ನ ಒಂದ್ಸಲ ಬಾಯಿಬಿಟ್ಟು ಹೇಳಿಬಿಡಿ."

ಆಗಷ್ಟೇ ಸಾರ್ಟರನಿಗೆ ವಿಷಯದ ತಲೆಬುಡ ಗೊತ್ತಾದದ್ದು.

"ನಾನೇನೂ ಕಂಡಿಲ್ಲ! ಅದು ನಾಟಕ! ಕಚೇರಿ ನಾಟಕದಲ್ಲಿ ನಂದೊಂದು ಪಾತ್ರ ಇದೆ. ಮಾತು ನೆನಪಿರ್ಲಿ ಅಂತ ಬಾಗಿಲು ಬಾಗಿಲಿಗೆ..."

"ನಾಟಕಾನಾ?" ಹೆಂಡತಿ ಎದ್ದು ನಿಂತಳು. "ಸುಳ್ಳು! ಇವರು ನಾಟಕ ಆಡಲ್ಲ. ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಾರೆ. ನನ್ನ ಗಂಡ ಆಣೆ ಮುರಿಯೋ ಮನುಷ್ಯ ಅಲ್ಲ!"

ಗಂಡನ ಮೇಲೆ ಹೆಂಡತಿಗಿರುವ ನಂಬಿಕೆ ಒಬ್ಬನನ್ನು ಇಷ್ಟು ಪೂರ್ಣವಾಗಿ ಮುಳುಗಿಸಿದ್ದು ಅಪರೂಪ.

"ನೋಡಿ, ಪಾಪ, ಹೇಗೆ ಬೆವರ್ತಿದಾರೆ," ದಂತವೈದ್ಯರ ಹೆಂಡತಿ ಕನಿಕರದಿಂದ ಹೇಳಿದಳು. "ಹೇಳೋಕೆ ಬಿಡ್ತಿಲ್ಲ ಅವಳು."

"ಇಲ್ಲ ಅಂದ್ರೆ ಹೆದರಿಸಿದಾಳೆ ಅಂತ ಅರ್ಥ," ಬೇಕರಿಯವ ತೀರ್ಪು ಕೊಟ್ಟ.

"ಹಾಗಾದ್ರೆ ನಾಟಕಕ್ಕೆ ಬನ್ನಿ! ಎಲ್ಲರೂ ಬನ್ನಿ! ಕಣ್ಣಾರೆ ನೋಡಿ!" ಸಾರ್ಟರ್ ಕೂಗಿದ.

ಕಾರ್ಯದರ್ಶಿ ಗಂಭೀರವಾಗಿ ತಲೆಯಾಡಿಸಿದರು. "ಮನೆಯಲ್ಲಿ ಹೇಳೋಕೆ ಭಯ. ಸಾವಿರ ಜನದ ಮುಂದೆ ಹೇಳ್ತಾರಂತೆ. ಅದೇ ಸರಿ."

ಸಾರ್ಟರ್ ಮೇಲಿನ ಮನೆಗೆ ಹೋದದ್ದು ಮರುದಿನ ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು:

"ಬಾ ಒಳಗೆ. ಇವತ್ತು ಬೆರಳು ತರಲಿಲ್ವಾ?"

ಅವನು ಹೊಸಿಲಲ್ಲೇ ನಿಂತ. "ಅಜ್ಜಿ... ನಿಮಗೆ ಕೇಳಿಸ್ತಿತ್ತಾ?"

"ನನ್ನ ಬಾಗಿಲ ಮುಂದೆ ನಿಂತು ಹೇಳಿದ್ರೆ ನಂಗೆ ಕೇಳಿಸದೆ ಇನ್ಯಾರಿಗೆ ಕೇಳಿಸತ್ತೆ? ಮೊದಲನೇ ದಿನ ಹೆದರಿಬಿಟ್ಟೆ. ಮುದುಕಿ ಎದ್ದಮೇಲೂ ನೆರಳು ಕುರ್ಚಿಯಲ್ಲೇ ಕೂತಿತ್ತು ಅಂದ್ಯಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದೆ, ನಂದು ಬರ್ತಿದೆಯಾ ಅಂತ."

"ಬಂತಾ?" ಎಂದ ಸಾರ್ಟರ್, ತನಗರಿವಿಲ್ಲದೆ ಉಸಿರು ಹಿಡಿದು.

"ಬಂತಪ್ಪ. ಅದಕ್ಕೂ ಮಂಡಿನೋವು. ನಿಧಾನಕ್ಕೆ ಬಂತು."

ಅವನಿಗೆ ನಗು ಬರಲಿಲ್ಲ. ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು.

"ಕಾರ್ಯದರ್ಶಿ ಬಂದಿದ್ದ. ಹೊಸಿಲವರೆಗೂ ಬರಲಿಲ್ಲ, ಅರ್ಧ ಮೆಟ್ಟಿಲಲ್ಲೇ ನಿಂತು ಕೂಗಿದ. ತಿಂಗಳ ಕೊನೆಗೆ ಹೊರಡಬೇಕಂತೆ."

"ಎಲ್ಲಿಗೆ ಹೋಗ್ತೀರಿ?"

"ಊರಿಗೆಲ್ಲ ವಿಳಾಸ ಹಂಚೋನು ನೀನು. ನೀನೇ ಹೇಳು."

ಸಾರ್ಟರ್ ಮನಸ್ಸಿನಲ್ಲೇ ಖಾನೆಗಳ ಮುಂದೆ ನಿಂತ. ಬೀದಿ ಬೀದಿ, ಬಾಗಿಲು ಬಾಗಿಲು ಹುಡುಕಿದ. ಕೊನೆಗೆ ಉಳಿದದ್ದು ಮೂಲೆಯ ಖಾನೆ; ವಿಳಾಸವಿಲ್ಲದ ಕಾಗದಗಳು ಧೂಳು ತಿನ್ನುತ್ತ ಬಿದ್ದಿರುವ ಖಾನೆ.

"ನಾನು ಅವರಿಗೆ ಹೇಳ್ತೀನಿ ಅಜ್ಜಿ. ನಾಟಕ ನೋಡಿದ್ರೆ ಅವರಿಗೇ ಅರ್ಥ ಆಗತ್ತೆ. ನೀವೂ ಬನ್ನಿ."

"ನನ್ನನ್ನೇ ಬೈಯೋ ನಾಟಕಕ್ಕೆ ನಾನು ಬರದೆ ಇರ್ತೀನಾ?" ಎಂದಳು ಅಜ್ಜಿ.

ನಾಟಕದ ದಿನ ಸಂಜೆ ಸಭಾಂಗಣ ತುಂಬಿತ್ತು. ಕಾರ್ಯದರ್ಶಿ ಶಿಸ್ತಿನ ಮನುಷ್ಯ. ಮುಂದಿನ ಸಾಲಿನಲ್ಲಿ ಕಟ್ಟಡದವರನ್ನು ಅಂತಸ್ತಿನ ಪ್ರಕಾರವೇ ಕೂರಿಸಿದ್ದರು. ಕೆಳಗಿನವರು ಎಡಕ್ಕೆ, ಮೇಲಿನವರು ಬಲಕ್ಕೆ. ಅಜ್ಜಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಸುತ್ತಲಿನ ಕುರ್ಚಿಗಳು ಖಾಲಿಯಾಗಿದ್ದವು. ಆ ತುಂಬಿದ ಸಭೆಯಲ್ಲಿ ಅದೊಂದು ಬಿದ್ದ ಹಲ್ಲಿನ ಜಾಗದಂತೆ ಕಾಣುತ್ತಿತ್ತು.

ಮೂರನೆಯ ದೃಶ್ಯ ಬಂತು. ಕರಿಯ ನಿಲುವಂಗಿಯಲ್ಲಿ ನ್ಯಾಯಾಧೀಶರಾಗಿ ಪೋಸ್ಟ್‌ಮಾಸ್ಟರರು ಮೇಜು ಗುದ್ದಿದರು. "ಹೇಳು! ಯಾರನ್ನು ನೋಡಿದೆ?"

ಸಾರ್ಟರನಿಗೆ ಅಷ್ಟೊಂದು ಕಣ್ಣುಗಳು ಕಂಡವು. ಬೀಳುವುದೊಂದೇ ಬಾಕಿ ಎನ್ನುವಾಗ, ಮುಂದಿನ ಸಾಲಿನ ಎಡತುದಿಯಲ್ಲಿ ಕಾರ್ಯದರ್ಶಿಯ ಹೆಂಡತಿ ಕಂಡಳು. ಕೆಳಗಿನ ಬಾಗಿಲು! ಅವನ ಬೆರಳು ತಾನಾಗಿಯೇ ಎದ್ದಿತು.

"ಇವಳೇ! ಇವಳನ್ನೇ ಕಂಡೆ! ಹುಟ್ಟುವ ಕೂಸಿನ ಮೊದಲ ಅಳುವನ್ನು ಕದ್ದು ಚೀಲದಲ್ಲಿ ಹಾಕಿಕೊಂಡಳು!"

ಆಕೆ "ನಾನಾ?" ಎಂದು ಕಿರುಚಿದಳು. ಕಾರ್ಯದರ್ಶಿ ತಮ್ಮ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡರು. ಬೆರಳು ಬೇಕರಿಯವನ ಕಡೆಗೆ ಬಂತು, ಹಾಲು ಒಡೆಯಿತು, ಅವನು ರೊಟ್ಟಿಯ ಹಿಟ್ಟಿನಂತೆ ಬಿಳಿಚಿದ. ಬೆರಳು ದಂತವೈದ್ಯರ ಹೆಂಡತಿಯ ಕಡೆಗೆ ಬಂತು. ಹೆದರಿಕೆಯಲ್ಲಿ ಆಕೆಗೆ ನಗುವೇ ಬಂದುಬಿಟ್ಟಿತು. ಪ್ರಾರ್ಥನೆಯಲ್ಲಿ ನಕ್ಕವಳು ಇವಳೇ ಎಂದು ಸಾರ್ಟರ್ ಗುಡುಗಿದಾಗ ಸಭೆ ಬೆಚ್ಚಿತು. ಪೋಸ್ಟ್‌ಮಾಸ್ಟರರ ಆಸೆ ಈಡೇರಿತ್ತು: ಜನ ಹೆದರಿದ್ದರು.

ಇನ್ನು ಕೊನೆಯದು. ಬೆರಳು ಸಾಲುಸಾಲುಗಳ ಮೇಲೆ ಹಾದು ಹಿಂದಕ್ಕೆ, ಮೇಲಕ್ಕೆ, ಖಾಲಿ ಕುರ್ಚಿಗಳ ನಡುವೆ ಹೋಗಿ ನಿಂತಿತು.

ನಾಲಿಗೆಯೂ ನಿಂತಿತು.

ಪಕ್ಕದ ಪರದೆಯ ಮರೆಯಲ್ಲಿ ಮಾತು ಹೇಳಿಕೊಡಬೇಕಾಗಿದ್ದ ಮನಿಯಾರ್ಡರ್ ಗುಮಾಸ್ತ ಕಥೆಯಲ್ಲಿ ಮುಳುಗಿ, ಬಾಯಿ ತೆರೆದು, ಮುಂದೇನಾಗುತ್ತದೋ ಎಂದು ಎಲ್ಲರಂತೆ ಕಾಯುತ್ತಿದ್ದ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಮೌನದಲ್ಲಿ, ಕೊನೆಯ ಸಾಲಿನಿಂದ, ಮುದಿದನಿಯೊಂದು ಸ್ಪಷ್ಟವಾಗಿ ಕೇಳಿಬಂತು:

"ಕಾಡಿನಂಚಿನ ಮನೆಯ ಮುದುಕಿ... ದೀಪವಿಲ್ಲದೆ ಕೂತಿದ್ದಳು... ಹೇಳಪ್ಪ... ಎದ್ದಮೇಲೂ ಅವಳ ನೆರಳು..."

"ಅಯ್ಯೋ!" ಬೇಕರಿಯವ ಕುರ್ಚಿಯ ಮೇಲೆ ಹತ್ತಿ ನಿಂತ. "ಅವನ ಬಾಯಿಂದ ಮಾತು ಕಿತ್ಕೊಂಡು ಅವಳು ಆಡ್ತಿದಾಳೆ!"

"ನಾಲಿಗೆ ಕಟ್ಟಿಬಿಟ್ಟಳು!" ದಂತವೈದ್ಯರ ಹೆಂಡತಿ ಕೂಗಿದಳು.

ಸಭೆ ಒಮ್ಮೆಲೇ ಎದ್ದಿತು. ಕಾರ್ಯದರ್ಶಿ "ಹಿಡೀರಿ ಅವಳನ್ನ!" ಎಂದರು. ಯಾರು ಹಿಡಿಯಬೇಕೆಂದು ಅವರು ಹೇಳಲಿಲ್ಲ; ಆದರೆ ಹಿಂದಿನ ಸಾಲುಗಳಲ್ಲಿ, ಇದೇನೆಂದು ತಿಳಿಯದ ಗಂಡಸರು ಕೂಡ ಅಜ್ಜಿಯ ಕಡೆಗೆ ತಿರುಗಿ ಸರಿಯತೊಡಗಿದ್ದರು. ಅಜ್ಜಿ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು, ಎದ್ದೇಳಲಾಗದೆ, ಅವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು.

"ನಿಲ್ಲಿ!"

ಆ ದನಿ ಸಾರ್ಟರನದೆಂದು ಯಾರೂ ನಂಬಲಿಲ್ಲ.

"ನಿಲ್ಲಿ! ಅದು ನಾನು ಮರೆತ ಮಾತು. ನಂಗೆ ನೆನಪು ಮಾಡಿಕೊಟ್ಟಳು, ಅಷ್ಟೇ. ನಾನು ಏನೂ ನೋಡಿಲ್ಲ. ಸೂಲಗಿತ್ತಿಯನ್ನ ನೋಡಿಲ್ಲ, ಹಾಲು ನೋಡಿಲ್ಲ, ಮುದುಕಿಯನ್ನ ನೋಡಿಲ್ಲ. ಯಾರನ್ನೂ ನೋಡಿಲ್ಲ."

ಇದು ನಾಟಕದ ಮಾತಲ್ಲವೆಂದು ಪೋಸ್ಟ್‌ಮಾಸ್ಟರರಿಗೆ ತಿಳಿಯಿತು. ಅವರು ಅಂಟಿಸಿಕೊಂಡ ಗಡ್ಡದೊಳಗಿಂದ ಹಲ್ಲು ಕಡಿದು ಪಿಸುಗುಟ್ಟಿದರು. "ಏನ್ರೀ ಮಾಡ್ತಿದೀರಿ? ಇನ್ನೂ ಎರಡು ಅಂಕ ಇದೆ!" ಆಮೇಲೆ ಸಭೆಗೆ ಕೇಳುವಂತೆ, ಬೇರೆ ದಾರಿ ಕಾಣದೆ, ಗುಡುಗಿದರು. "ಏನನ್ನೂ ನೋಡದವನು ಬೆರಳು ಯಾಕೆ ತೋರಿಸಿದೆ?"

ಸಾರ್ಟರ್ ತನ್ನ ಬೆರಳನ್ನು ನೋಡಿಕೊಂಡ. ಅದಿನ್ನೂ ಗಾಳಿಯಲ್ಲಿಯೇ ಇತ್ತು. ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ.

"ಭಯ ಸ್ವಾಮಿ. ಎಲ್ಲರೂ ನನ್ನ ಕಡೆ ನೋಡ್ತಿದ್ರು. ಬೇರೆ ಯಾರ ಕಡೆಯಾದ್ರೂ ನೋಡಲಿ ಅಂತ ತೋರಿಸಿದೆ."

ಬೇಕರಿಯವ ಕುರ್ಚಿಯಿಂದ ಮೆಲ್ಲಗೆ ಇಳಿದ. ಹಿಂದೆ, ಅಜ್ಜಿಯ ಸುತ್ತ ನೆರೆದವರು ತಾವು ಅಲ್ಲಿಗೆ ಯಾಕೆ ಬಂದೆವೆಂದು ಮರೆತವರಂತೆ ತಲೆ ಕೆರೆದುಕೊಂಡರು.

ಅಪರಾಧಿಯೇ ಇಲ್ಲದ ಮೇಲೆ ನಾಟಕ ಮುಂದೆ ಹೋಗುವಂತಿರಲಿಲ್ಲ. ಕೊನೆಯ ಅಂಕಕ್ಕೆಂದು ಕಷ್ಟಪಟ್ಟು ಗಲ್ಲುಗಂಬ ಮಾಡಿದ್ದ ಬಡಗಿ ಒಳಗಿನಿಂದ, "ಹಾಗಾದ್ರೆ ಇದಕ್ಕೆ ಯಾರನ್ನ ಹಾಕೋದು?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಪೋಸ್ಟ್‌ಮಾಸ್ಟರರು "ಪರದೆ! ಪರದೆ!" ಎಂದರು. ಪರದೆ ಬೀಳಲಿಲ್ಲ, ಎಳೆಯಬೇಕಾದವನು ರಂಗದ ನಡುವೆ ನಿಂತಿದ್ದ. ಅವನೇ ಹೋಗಿ, ಹಗ್ಗ ಹುಡುಕಿ, ತನ್ನ ಮೇಲೆ ತಾನೇ ಪರದೆ ಎಳೆದುಕೊಂಡ.

ಪರದೆಯ ಹಿಂದೆ ಹೆಂಡತಿ ಕಾಯುತ್ತಿದ್ದಳು. ಆಣೆ ಮುರಿದ ಗಂಡನನ್ನು ದಿಟ್ಟಿಸಿ, "ಈ ಸಲ ಬೀಳಲಿಲ್ಲ ನೀವು," ಎಂದಷ್ಟೇ ಹೇಳಿದಳು.

ಅವರು ಕಟ್ಟಡ ಮುಟ್ಟುವಾಗ ರಾತ್ರಿಯಾಗಿತ್ತು. ಮೆಟ್ಟಿಲ ದೀಪ ಕೆಟ್ಟಿತ್ತು. ಕೆಳಗೆ ಎಲ್ಲರೂ ನಿಂತಿದ್ದರು. ಯಾರೂ ಮೊದಲು ಹತ್ತುವ ಧೈರ್ಯ ಮಾಡಿರಲಿಲ್ಲ.

"ನೀವು ಏನೂ ನೋಡೇ ಇಲ್ಲ ಅಂದ್ರೆ," ಕಾರ್ಯದರ್ಶಿ ಸಾರ್ಟರನನ್ನು ಕೇಳಿದರು, "ಇಷ್ಟು ದಿನ ನಾವು ಹೆದರಿದ್ದು ಯಾರಿಗೆ?"

ಅಷ್ಟರಲ್ಲಿ ಅಜ್ಜಿ ಬಂದಳು. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅವಳು ಕತ್ತಲೆಯ ಮೆಟ್ಟಿಲುಗಳನ್ನು ನೋಡಿ ನಿಂತಳು.

"ಯಾರಾದ್ರೂ ಜೊತೆಗೆ ಬನ್ನಿ," ಎಂದಳು. "ನಂಗೆ ಒಬ್ಬಳಿಗೇ ಹತ್ತೋಕೆ ಭಯ ಆಗತ್ತೆ."

ಸಾರ್ಟರ್ ತೋಳು ಕೊಟ್ಟ. ಅವನ ಹಿಂದೆ ಅವನ ಹೆಂಡತಿ. ಅವಳ ಸೆರಗು ಹಿಡಿದು ದಂತವೈದ್ಯರ ಹೆಂಡತಿ. ಅವಳ ಹಿಂದೆ ಬೇಕರಿಯವ. ಕೊನೆಗೆ, ಒಬ್ಬರೇ ಕೆಳಗೆ ಉಳಿಯಲಾರದೆ, ಹೆಂಡತಿಯ ಕೈ ಹಿಡಿದು ಕಾರ್ಯದರ್ಶಿ. ತಂತಮ್ಮ ಬಾಗಿಲು ಬಂದಾಗಲೂ ಯಾರೂ ನಿಲ್ಲಲಿಲ್ಲ. ಗುಂಪು ಬಿಟ್ಟು ಕತ್ತಲೆಯ ಮನೆಯೊಳಗೆ ಮೊದಲು ಕಾಲಿಡುವುದು ಯಾರಿಗೂ ಬೇಕಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಕಾರ್ಯದರ್ಶಿಯವರ ಜೇಬಿನಲ್ಲಿ ಲೋಹದ್ದೇನೋ ಕಣಕಣ ಸದ್ದು ಮಾಡುತ್ತಿತ್ತು.

ಮೇಲೆ ತಲುಪಿದ ಮೇಲೆ ಅಜ್ಜಿ ತಿರುಗಿದಳು. "ಅದೇನಪ್ಪ ಸದ್ದು?"

ಕಾರ್ಯದರ್ಶಿ ಜೇಬಿಗೆ ಕೈ ಹಾಕಿದರು. ಅಂದು ಬೆಳಿಗ್ಗೆ ಅವರು ಅಂಗಡಿಯಿಂದ ಕೊಂಡು ತಂದ ಹೊಸ ಬೀಗ ಅದು. ಅಜ್ಜಿಯನ್ನು ಹೊರಗೆ ಹಾಕಿದ ಮೇಲೆ ಅದೇ ಬಾಗಿಲಿಗೆ ಹಾಕಲೆಂದು ತಂದದ್ದು. ಅದನ್ನು ಅವರು ಅಂಗೈಯಲ್ಲಿಟ್ಟು ಬಹಳ ಹೊತ್ತು ತೂಗಿದರು.

"ನಿಮಗೇ ತಂದೆ ಅಜ್ಜಿ," ಎಂದರು ಕೊನೆಗೆ. "ಒಬ್ಬರೇ ಇರ್ತೀರಿ. ಒಳಗಿನ ಚಿಲಕಕ್ಕೆ ಹಾಕ್ಕೊಳ್ಳಿ. ಕಾಲ ಸರಿಯಿಲ್ಲ."

"ಅದೇ ನಂಗೂ ಅನಿಸ್ತಿತ್ತು," ಎಂದಳು ಅಜ್ಜಿ. ಬೀಗವನ್ನೂ ಬೀಗದ ಕೈಯನ್ನೂ ತೆಗೆದುಕೊಂಡು, ಎಲ್ಲರ ಮುಖಗಳನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಚಿಲಕ ಬಿತ್ತು. ಬೀಗ ಕಟಕ್ಕೆಂದಿತು.

ಅಜ್ಜಿ ಸುರಕ್ಷಿತವಾಗಿದ್ದಳು. ಹೊರಗೆ, ಕತ್ತಲೆಯ ಮೆಟ್ಟಿಲುಗಳ ಮೇಲೆ, ಉಳಿದವರು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಅಜ್ಜಿಯನ್ನು ಹಿಡಿಯಲು ಎದ್ದಿದ್ದವರೇ ತಮ್ಮ ಜೊತೆಗಿರುವವರು ಎಂಬುದು ಆಗ ಒಬ್ಬೊಬ್ಬರಿಗೂ ನೆನಪಾಯಿತು.